ಬಿಸಿ ಹೋಟೆಲಿನದು, ಹಸಿ ರೂಮಿನದು

ಬೆಂಗಳೂರಿನ ವಿಜಯನಗರದ ಸುತ್ತಮುತ್ತ ಪಿಜಿಗಳಲ್ಲಿ, ಒಂಟಿ ರೂಮುಗಳಲ್ಲಿ ಇದ್ದುಕೊಂಡು ಓದುವವರು, ಕೆಲಸ ಮಾಡುವವರ ಮುಂದೆ ಆಡಿದ ಮಾತಿನ ಬರಹ ರೂಪ.

ಮಾತಿಗೆ ಮೊದಲು ಒಂದು ಸಣ್ಣ ಕೆಲಸ ಮುಗಿಸಿಬಿಡುತ್ತೇನೆ. ಈ ಸ್ಟೀಲ್ ಡಬ್ಬಿಯಲ್ಲಿ ಒಂದು ಲೋಟ ಹೆಸರುಬೇಳೆ ಇದೆ. ಈಗ ತಾನೇ ನಲ್ಲಿ ಹತ್ತಿರ ಮೂರು ಸಲ ತೊಳೆದು ತಂದೆ. ಇದಕ್ಕೆ ಕ್ಯಾನ್ ನೀರು ಹಾಕಿ, ಮುಚ್ಚಳ ಮುಚ್ಚಿ, ಇಲ್ಲೇ ಮೇಜಿನ ಮೇಲೆ ಇಡುತ್ತೇನೆ. ಗಂಟೆ ಈಗ ಐದೂ ಹತ್ತು. ಇದರ ಹತ್ತಿರ ಆಮೇಲೆ ಬರೋಣ.

ನಾನು 26 ವರ್ಷ ಗೃಹವಿಜ್ಞಾನ ಪಾಠ ಮಾಡಿದವಳು. ಪೌಷ್ಟಿಕತೆಯ ಬಗ್ಗೆ ಬೋರ್ಡಿನ ಮೇಲೆ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಇವತ್ತು ಹೇಳುವುದನ್ನು ಕಲಿತದ್ದು ಕಾಲೇಜಿನಲ್ಲಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆ ರಿಪೇರಿಗೆ ಬಂತು. ಅಡುಗೆಮನೆಯನ್ನೇ ಮೊದಲು ಒಡೆದರು. ಮೂರು ತಿಂಗಳು ಅಂದದ್ದು ಏಳು ತಿಂಗಳಾಯಿತು. ಅಷ್ಟೂ ದಿನ ನಾನು, ನಮ್ಮ ಮನೆಯವರು ಹತ್ತಿರದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಒಂದೇ ರೂಮಿನಲ್ಲಿ ಇದ್ದೆವು. ಓನರ್ ಹಾಕಿದ ಷರತ್ತು ಒಂದೇ: ಗ್ಯಾಸ್ ಒಲೆ ಬೇಡ, ಇಂಡಕ್ಷನ್ ಒಲೆಯೂ ಬೇಡ.

ಮೊದಲ ತಿಂಗಳು ಖುಷಿಯಾಗಿಯೇ ಇತ್ತು. ಬೆಳಿಗ್ಗೆ ಇಡ್ಲಿ ವಡೆ, ಮಧ್ಯಾಹ್ನ ಮಿನಿ ಮೀಲ್ಸ್, ರಾತ್ರಿ ದೋಸೆಯೋ ರೈಸ್ ಬಾತೋ. ಪಾತ್ರೆ ತೊಳೆಯುವ ಕೆಲಸವಿಲ್ಲ. ಎರಡನೇ ತಿಂಗಳ ಹೊತ್ತಿಗೆ ನಮ್ಮ ಮನೆಯವರ ಬಿಪಿ ಏರಿತ್ತು. ನನಗೆ ಹೊಟ್ಟೆ ಸರಿಯಾಗಿ ಹೋಗುತ್ತಿರಲಿಲ್ಲ. ಮಧ್ಯಾಹ್ನ ಮೂರು ಗಂಟೆ ಆಯಿತು ಅಂದರೆ ಇಬ್ಬರಿಗೂ ಕಣ್ಣು ಎಳೆಯುತ್ತಿತ್ತು. ಆಗ ಒಂದು ನೋಟ್ ಪುಸ್ತಕ ತೆಗೆದುಕೊಂಡು ಏಳು ದಿನ ನಾವು ತಿಂದದ್ದನ್ನೆಲ್ಲ ಬರೆದೆ. ಕಾಫಿ ಜೊತೆ ತಿಂದ ಬಿಸ್ಕತ್ತನ್ನೂ ಬಿಡಲಿಲ್ಲ. ವಾರ ಮುಗಿದ ಮೇಲೆ ಕೆಂಪು ಪೆನ್ನಲ್ಲಿ ತರಕಾರಿ ಇದ್ದ ಕಡೆಯೆಲ್ಲ ಸುತ್ತು ಹಾಕುತ್ತಾ ಬಂದೆ. ಸಾಂಬಾರಿನ ಹೋಳುಗಳನ್ನು ಬಿಟ್ಟರೆ ಎರಡೇ ಸುತ್ತು ಬಿತ್ತು. ಒಂದು ಪಲಾವಿನಲ್ಲಿದ್ದ ಬೀನ್ಸ್, ಇನ್ನೊಂದು ಒಂದು ಚಮಚ ಎಲೆಕೋಸಿನ ಪಲ್ಯ. ಸೊಪ್ಪಿಗೆ ಸೊನ್ನೆ. ಹಣ್ಣಿಗೆ ಸೊನ್ನೆ.

ಆ ಪುಟ ನೋಡುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಹೋಟೆಲಿನವರ ತಪ್ಪೇನೂ ಇಲ್ಲ. ಅವರು ಕೊಡಬೇಕಾದ್ದನ್ನು ಕೊಟ್ಟಿದ್ದಾರೆ. ಪಟ್ಟಿಯಲ್ಲಿ ಕಾಣೆಯಾದದ್ದು ಏನು ನೋಡಿ. ಸೌತೆಕಾಯಿ, ಕ್ಯಾರೆಟ್, ಹಣ್ಣು, ಮೊಸರು, ಕೋಸಂಬರಿ, ನೆನೆಸಿದ ಕಾಳು, ಕಡಲೆಕಾಯಿ. ಇದರಲ್ಲಿ ಯಾವುದಕ್ಕೆ ಒಲೆ ಬೇಕು? ಮನೆಯಲ್ಲಿ ಇದ್ದಾಗಲೂ ನಾನು ಇವನ್ನು ಒಲೆಯ ಮೇಲೆ ಇಡುತ್ತಿರಲಿಲ್ಲ. ಒಲೆ ಹೋಯಿತು ಅಂತ ಒಲೆ ಬೇಡದ್ದನ್ನೂ ಬಿಟ್ಟುಬಿಟ್ಟಿದ್ದೆ.

ಅವತ್ತಿನಿಂದ ನಮ್ಮ ರೂಮಿನಲ್ಲಿ ಒಂದು ಪದ್ಧತಿ ಮಾಡಿಕೊಂಡೆವು. ಬಿಸಿಯದ್ದು ಹೋಟೆಲಿನಿಂದ, ಹಸಿಯದ್ದು ರೂಮಿನಲ್ಲಿ. ಅನ್ನ, ಇಡ್ಲಿ, ಮುದ್ದೆ, ಚಪಾತಿ, ಸಾರು ಇವೆಲ್ಲ ಹೊರಗೆ. ತರಕಾರಿ, ಹಣ್ಣು, ಮೊಸರು, ಕಾಳು ಇವೆಲ್ಲ ಒಳಗೆ. ನಾನು ಇವತ್ತು ಹೇಳುವುದೆಲ್ಲ ಇದರ ವಿವರ ಅಷ್ಟೇ.

ಮೊದಲು ಹೊರಗಿನದ್ದು. ಬೆಂಗಳೂರಿನಲ್ಲಿ ಇರುವವರಿಗೆ ಒಂದು ಅನುಕೂಲ ಇದೆ, ಅದು ದರ್ಶಿನಿ. 1980ರ ದಶಕದ ಮೊದಲ ವರ್ಷಗಳಲ್ಲಿ ಜಯನಗರದಲ್ಲಿ ಶುರುವಾದ ಪದ್ಧತಿ ಇದು. ಚೀಟಿ ತಗೊಳ್ಳಿ, ಕಣ್ಣೆದುರೇ ಮಾಡಿದ್ದನ್ನು ತಗೊಳ್ಳಿ, ನಿಂತು ತಿನ್ನಿ, ಹೋಗಿ. ಜನ ನಿಲ್ಲದೆ ಬರುತ್ತಿರುತ್ತಾರೆ, ಹಾಗಾಗಿ ಇಡ್ಲಿ ತಟ್ಟೆ ಇಳಿಯುತ್ತಿದ್ದ ಹಾಗೆ ಖಾಲಿ ಆಗುತ್ತದೆ. ಆರೋಗ್ಯದ ದೃಷ್ಟಿಯಿಂದ ಇದು ತುಂಬಾ ದೊಡ್ಡದು. ಗಿರಾಕಿ ಜಾಸ್ತಿ ಇರುವ ಹೋಟೆಲಿನಲ್ಲಿ, ಗಿರಾಕಿ ಜಾಸ್ತಿ ಇರುವ ಹೊತ್ತಿನಲ್ಲಿ, ಹಬೆ ಆಡುತ್ತಿರುವುದನ್ನು ತಿನ್ನಿ. ಬೆಳಿಗ್ಗೆ ಎಂಟಕ್ಕೆ ಇರುವ ಚಟ್ನಿ ಬೇರೆ, ರಾತ್ರಿ ಒಂಬತ್ತೂವರೆಗೆ ಉಳಿದಿರುವ ಕಾಯಿ ಚಟ್ನಿ ಬೇರೆ. ರಾತ್ರಿ ಹೊತ್ತು ಚಟ್ನಿ ಬಿಟ್ಟು ಬಿಸಿ ಸಾಂಬಾರ್ ಕೇಳಿ.

ಹಾಗೆಯೇ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕೊಡುವುದು ಬೇಡ, ಬೇರೆ ಕೊಡಿ ಅನ್ನಿ. ಮುಳುಗಿದ ಇಡ್ಲಿ ಉಪ್ಪು, ಹುಳಿ, ಖಾರ ಎಲ್ಲವನ್ನೂ ಹೀರಿಕೊಂಡಿರುತ್ತದೆ. ಬೇರೆ ಇದ್ದರೆ ಹೋಳು, ಬೇಳೆ ತಿಂದು ಉಳಿದ ನೀರನ್ನು ಬಿಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಉಪ್ಪಿನ ಒಳಗೆ ಇರಿ ಅಂತ. ಅಂದರೆ ಒಂದು ಸಣ್ಣ ಟೀ ಚಮಚ. ಮೂರು ಹೊತ್ತೂ ಹೊರಗೆ ತಿನ್ನುವವರಿಗೆ ಇದು ಸುಲಭವಲ್ಲ. ನಮ್ಮ ಮನೆಯವರ ಬಿಪಿ ವಿಷಯದಲ್ಲಿ ನಾವು ಮಾಡಿದ್ದು ಇಷ್ಟೇ: ಉಪ್ಪಿನಕಾಯಿ ಬಿಟ್ಟೆವು, ಹಪ್ಪಳ ಬಿಟ್ಟೆವು, ಸಾಂಬಾರ್ ಬೇರೆ ತಗೊಂಡೆವು, ರೂಮಿನಲ್ಲಿ ಮಾಡುವುದಕ್ಕೆಲ್ಲ ಉಪ್ಪು ಅರ್ಧ ಮಾಡಿದೆವು. ಮಾತ್ರೆ ನಿಲ್ಲಿಸಲಿಲ್ಲ, ನೀವೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಹೋಟೆಲಿನಲ್ಲಿ ಸಿಗದೇ ಇರುವುದು ಅಂದರೆ ಸೊಪ್ಪು. ಸೊಪ್ಪು ಸಿಗಬೇಕಾದರೆ ಎರಡು ಜಾಗ ಹುಡುಕಬೇಕು. ಒಂದು, ಮುದ್ದೆ ಊಟದ ಹೋಟೆಲು. ಬಸ್ಸಾರು, ಮಸ್ಸೊಪ್ಪು, ಉಪ್ಸಾರು ಇರುವ ದಿನ ಯಾವುದು ಅಂತ ಕೇಳಿ ಇಟ್ಟುಕೊಳ್ಳಿ. ಸೊಪ್ಪು, ಕಾಳು, ರಾಗಿ ಮೂರೂ ಒಂದೇ ತಟ್ಟೆಯಲ್ಲಿ ಬರುತ್ತವೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಇನ್ನೊಂದು, ಉತ್ತರ ಕರ್ನಾಟಕದ ಖಾನಾವಳಿ. ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಈರುಳ್ಳಿ, ಶೇಂಗಾ ಚಟ್ನಿ, ಮೊಸರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧದಷ್ಟು ತರಕಾರಿ, ಹಣ್ಣು, ಸೊಪ್ಪು, ಗಡ್ಡೆಗಳೇ ಇರಲಿ ಅಂತ ಹೇಳಿದೆ. ಹೊರಗಿನ ಊಟದಲ್ಲಿ ಅದಕ್ಕೆ ಹತ್ತಿರ ಬರುವುದು ನನ್ನ ಮಟ್ಟಿಗೆ ಖಾನಾವಳಿಯ ರೊಟ್ಟಿ ಊಟವೇ. ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗುವುದನ್ನು ಅಭ್ಯಾಸ ಮಾಡಿಕೊಳ್ಳಿ.

ದುಡ್ಡು ಕಡಿಮೆ ಇರುವ ದಿನ ಇಂದಿರಾ ಕ್ಯಾಂಟೀನಿಗೆ ಹೋಗಲು ಹಿಂಜರಿಯಬೇಡಿ. 2017ರ ಆಗಸ್ಟ್‌ನಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ನಾನು ಅಲ್ಲಿ ತಿಂದಿದ್ದೇನೆ. ಬಿಸಿಯಾಗಿರುತ್ತದೆ, ಅಷ್ಟು ಸಾಕು. ಉಳಿದ ದುಡ್ಡಿನಲ್ಲಿ ಎರಡು ಮೊಟ್ಟೆ, ಒಂದು ಸೀಬೆಹಣ್ಣು ಬರುತ್ತದೆ.

ಪಾರ್ಸೆಲ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಅಣ್ಣನ ಮಗ ಪರೀಕ್ಷೆಗೆ ಓದಲು ಬಂದು ರೂಮಿನಲ್ಲಿದ್ದ. ಮಧ್ಯಾಹ್ನ ಪಾರ್ಸೆಲ್ ತಂದ ರೈಸ್ ಬಾತಿನಲ್ಲಿ ಅರ್ಧ ತಿಂದು, ಅರ್ಧ ಕವರಿನಲ್ಲೇ ಗಂಟು ಹಾಕಿ ಇಟ್ಟ. ರಾತ್ರಿ ಅದನ್ನೇ ತಿಂದ. ಬೆಳಗಿನ ಜಾವ ವಾಂತಿ ಶುರುವಾಗಿ ಎರಡು ದಿನ ಏಳಲಿಲ್ಲ. ಪರೀಕ್ಷೆಗೆ ನಾಲ್ಕು ದಿನ ಇತ್ತು. ಫೋನಿನಲ್ಲಿ ಅವನ ದನಿ ಕೇಳಿದಾಗ ನನಗೆ ಅಳು ಬಂತು.

ಬೇಯಿಸಿದ ಅನ್ನದಲ್ಲಿ ಏನಾಗುತ್ತದೆ ಅಂದರೆ, ಅಕ್ಕಿಯಲ್ಲೇ ಇರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಬ್ಯಾಸಿಲಸ್ ಸೀರಿಯಸ್ ಅಂತ ಅದರ ಹೆಸರು. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಬೆಳೆದು ವಿಷ ಮಾಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆಯೂ ಬರದೇ ಇರಬಹುದು. ಅದಕ್ಕೇ ಬೇಯಿಸಿದ ಯಾವುದನ್ನೂ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇಡಬೇಡಿ. ಫ್ರಿಜ್ ಇಲ್ಲದವರು ಒಂದು ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ತನ್ನಿ. ಅರ್ಧ ಪ್ಲೇಟ್ ಕೇಳಿದರೆ ಕೊಡುವ ಹೋಟೆಲುಗಳು ಬೇಕಾದಷ್ಟಿವೆ. ಜೊತೆಗೆ ಒಂದು ಸ್ಟೀಲ್ ಡಬ್ಬಿ ಒಯ್ಯಿರಿ. ಕುದಿಯುವ ಸಾಂಬಾರನ್ನು ಪ್ಲಾಸ್ಟಿಕ್ ಕವರಿಗೆ ಹುಯ್ಯುವುದನ್ನು ನೋಡಿದರೆ ಈಗಲೂ ನನಗೆ ಸಂಕಟ ಆಗುತ್ತದೆ. ಡಬ್ಬಿ ಕೊಟ್ಟರೆ ಬೇಡ ಅಂದವರನ್ನು ನಾನು ಏಳು ತಿಂಗಳಲ್ಲಿ ಒಬ್ಬರನ್ನೂ ಕಾಣಲಿಲ್ಲ.

ಈಗ ರೂಮಿನ ಒಳಗೆ ಬರೋಣ. ನಮ್ಮ ರೂಮಿನಲ್ಲಿ ಇದ್ದ ಸಾಮಾನು ಹೇಳುತ್ತೇನೆ: ಒಂದು ಚಾಕು, ಒಂದು ಮಣೆ, ಸಣ್ಣ ತುರಿಮಣೆ, ಮುಚ್ಚಳ ಬಿಗಿಯಾಗಿ ಕೂರುವ ನಾಲ್ಕು ಡಬ್ಬಿ, ಎರಡು ಬಟ್ಟಲು, ಒಂದು ತೆಳು ಕಾಟನ್ ಬಟ್ಟೆ, ಒಂದು ಕೆಟಲ್. ಎಲ್ಲ ಸೇರಿ ಒಂದು ಬಕೆಟ್‌ನಲ್ಲಿ ಹಿಡಿಯುತ್ತಿತ್ತು.

ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಅಂತ ಕೇಳಿರುತ್ತೀರಿ. ಅಷ್ಟೊಂದು ಎಲ್ಲಿಂದ ತರೋದು ಅನ್ನಿಸುತ್ತದೆ ಅಲ್ವಾ? ತಕ್ಕಡಿಯಲ್ಲಿ ಇಟ್ಟು ನೋಡಿ. ಒಂದು ಸೌತೆಕಾಯಿ 200 ಗ್ರಾಂ ತೂಗುತ್ತದೆ. ಒಂದು ಕ್ಯಾರೆಟ್ 80. ಒಂದು ಸೀಬೆಹಣ್ಣು 150. ಆಗಲೇ 400 ದಾಟಿತು. ಇಷ್ಟಕ್ಕೆ ಬೇಕಾದದ್ದು ಒಂದು ಚಾಕು, ಐದು ನಿಮಿಷ. ನಾನು ಹಾಪ್‌ಕಾಮ್ಸ್ ಮಳಿಗೆಯಲ್ಲಿ ತರುತ್ತಿದ್ದೆ. 1959ರಲ್ಲಿ ತೋಟಗಾರಿಕೆ ತಜ್ಞ ಮರಿಗೌಡರ ಪ್ರಯತ್ನದಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು ಅದು. ಅಲ್ಲಿ ಒಂದೇ ಸೌತೆಕಾಯಿ, ಎರಡೇ ಕ್ಯಾರೆಟ್ ತೂಗಿಸಿಕೊಳ್ಳಬಹುದು. ಒಲೆ ಇಲ್ಲದವರಿಗೆ ಅರ್ಧ ಕೆಜಿ ತರುವುದಕ್ಕಿಂತ ದಿನಾ ಒಂದೊಂದು ತರುವುದೇ ಸರಿ. ಹಣ್ಣನ್ನು ಇಡಿಯಾಗಿಯೇ ತನ್ನಿ, ರಸ್ತೆಯಲ್ಲಿ ಹೆಚ್ಚಿಟ್ಟದ್ದು ಬೇಡ.

ಮುಂದಿನದ್ದು ನನಗೆ ಕಲಿಸಿದವಳು ಪಕ್ಕದ ರೂಮಿನಲ್ಲಿದ್ದ ವಿಜಯಪುರದ ಹುಡುಗಿ. ಒಂದು ರಾತ್ರಿ ಮಳೆ. ಕೆಳಗೆ ಇಳಿಯುವ ಹಾಗಿಲ್ಲ. ಒಲೆ ಇದ್ದಿದ್ದರೆ ಒಂದು ಗಂಜಿಯಾದರೂ ಮಾಡಬಹುದಿತ್ತು ಅಂತ ನಾನು ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ. ಅವಳು, "ಆಂಟಿ, ಒಲಿ ಇಲ್ಲಂದ್ರ ಏನಾತ್ರಿ, ರೊಟ್ಟಿ ಅದಾವಲ್ಲ. ನಮ್ಮೂರಾಗ ಹೊಲಕ್ಕ ಹೋಗೋರು ಒಲಿ ಹೊತ್ಕೊಂಡು ಹೋಗ್ತಾರೇನ್ರಿ?" ಅಂದಳು. ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿಯ ಗಂಟು ಬಿಚ್ಚಿದಳು. ಮೇಲೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಅದರ ಮೇಲೆ ಮೊಸರು. ಒಂದು ಈರುಳ್ಳಿಯನ್ನು ಅಂಗೈಯಲ್ಲೇ ಗುದ್ದಿ ಒಡೆದು ನಾಲ್ಕು ಜನಕ್ಕೆ ಹಂಚಿದಳು. ಮೊಸರು ತಾಗಿದ ಕಡೆ ರೊಟ್ಟಿ ಮೆತ್ತಗಾಗಿ, ಅಂಚು ಮಾತ್ರ ಕಟಕಟ ಅನ್ನುತ್ತಿತ್ತು. ಅವತ್ತಿನ ಊಟದ ರುಚಿ ನಾನು ಮರೆತಿಲ್ಲ.

ಖಡಕ್ ರೊಟ್ಟಿಯಲ್ಲಿ ನೀರಿನಂಶ ತೀರಾ ಕಡಿಮೆ. ಗಾಳಿ ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಇಲ್ಲೇ ವಿಜಯನಗರದಲ್ಲಿ, ರಾಜಾಜಿನಗರದಲ್ಲಿ ರೊಟ್ಟಿ ಅಂಗಡಿಗಳಿವೆ. ಜೋಳದ್ದು, ಸಜ್ಜೆಯದ್ದು ಎರಡೂ ಸಿಗುತ್ತವೆ. ಗುರೆಳ್ಳು ಹಿಂಡಿ, ಅಗಸಿ ಹಿಂಡಿಯನ್ನೂ ತನ್ನಿ.

ಹಳೇ ಮೈಸೂರು ಕಡೆಯ ನಮ್ಮದೂ ಒಂದಿದೆ, ರಾಗಿ ಹುರಿಹಿಟ್ಟು. ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟು ಅದು, ಆಗಲೇ ಬೆಂದಿರುತ್ತದೆ. ಮಜ್ಜಿಗೆಗೆ ಹಾಕಿ ಕಲಸಿದರೆ ಒಂದು ಹೊತ್ತಿನ ತಿಂಡಿ. ಹಾಲು ಬೆಲ್ಲ ಹಾಕಿದರೆ ಮಕ್ಕಳೂ ತಿನ್ನುತ್ತಾರೆ. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕೇಳಿ. ಒಂದು ಎಚ್ಚರಿಕೆ: ಮುದ್ದೆ ಮಾಡುವ ರಾಗಿ ಹಿಟ್ಟು ಬೇರೆ, ಇದು ಬೇರೆ. ಆ ಹಿಟ್ಟನ್ನು ಹಸಿಯಾಗಿ ಕಲಸಬೇಡಿ, ಹೊಟ್ಟೆ ನೋಯುತ್ತದೆ. ಇನ್ನು ತೆಳು ಅವಲಕ್ಕಿ ಎಲ್ಲರಿಗೂ ಗೊತ್ತಿರುವುದೇ. ಮೊಸರು ಹಾಕಿ ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ತುರಿದ ಕ್ಯಾರೆಟ್, ಒಂದು ಹಿಡಿ ಹುರಿದ ಕಡಲೆಕಾಯಿ ಸೇರಿಸಿ.

ಸ್ವಲ್ಪ ಲೆಕ್ಕ ಮಾಡೋಣ, ಏಕೆಂದರೆ ಪಿಜಿಯಲ್ಲಿರುವ ಮಕ್ಕಳಿಗೆ ಕೊರತೆ ಬೀಳುವುದು ಪ್ರೋಟೀನಿನದ್ದು. 60 ಕೆಜಿ ತೂಕದವರಿಗೆ ದಿನಕ್ಕೆ ಹತ್ತಿರ ಹತ್ತಿರ 50 ಗ್ರಾಂ ಬೇಕು. ಎರಡು ಇಡ್ಲಿ ಸಾಂಬಾರಿನಲ್ಲಿ ಆರು ಗ್ರಾಂ ಅಂತ ಇಟ್ಟುಕೊಳ್ಳಿ. ಅನ್ನ ಸಾರಿನ ಊಟದಲ್ಲಿ ಹತ್ತು. ರಾತ್ರಿಯ ದೋಸೆಯಲ್ಲಿ ಆರೇಳು. ಎಲ್ಲ ಕೂಡಿದರೆ 25ರ ಒಳಗೇ. ಅಂದರೆ ಹೊಟ್ಟೆ ತುಂಬ ತಿಂದೂ ಅರ್ಧ ಕೊರತೆ. ಈಗ ರೂಮಿನಿಂದ ಸೇರಿಸಿ. ಎರಡು ಮೊಟ್ಟೆಗೆ 12. 200 ಗ್ರಾಂನ ಒಂದು ನಂದಿನಿ ಮೊಸರಿನ ಪ್ಯಾಕೆಟ್ಟಿಗೆ ಆರು. ಒಂದು ದೊಡ್ಡ ಹಿಡಿ ಕಡಲೆಕಾಯಿ ಬೀಜಕ್ಕೆ ಏಳು. 25 ಸಿಕ್ಕಿತು. ಮೊಟ್ಟೆ ತಿನ್ನದವರು ಅಷ್ಟಕ್ಕೆ ಒಂದು ಹಿಡಿ ಹುರಿಗಡಲೆ, ಒಂದು ಹಿಡಿ ನೆನೆಸಿದ ಹೆಸರುಕಾಳು ತಿಂದರೆ ಸರಿಹೋಗುತ್ತದೆ.

ಮೊಸರನ್ನು ದಿನಾ ಸಣ್ಣ ಪ್ಯಾಕೆಟ್ ತಂದು ಅವತ್ತೇ ಮುಗಿಸಿ. ಹಾಲು ಬೇಕಾದವರು ನಂದಿನಿಯ ಗುಡ್‌ಲೈಫ್ ಪ್ಯಾಕೆಟ್ ತನ್ನಿ, ಅದು ತುಂಬಾ ಹೆಚ್ಚಿನ ಶಾಖದಲ್ಲಿ ಕಾಯಿಸಿದ ಹಾಲು. ಕತ್ತರಿಸುವ ತನಕ ಫ್ರಿಜ್ ಬೇಡ, ಕತ್ತರಿಸಿದ ಮೇಲೆ ಮುಗಿಸಿಬಿಡಿ.

ಕಾಳು ನೆನೆಸುವುದರ ಬಗ್ಗೆ ಎರಡು ಮಾತು. ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ. ಸಂಜೆಗೆ ಸಣ್ಣ ಮೊಳಕೆ ಬಂದಿರುತ್ತದೆ. ಮೊಳಕೆ ಬರುವ ಬೆಚ್ಚಗಿನ ತೇವದಲ್ಲಿ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಆದ್ದರಿಂದ ತಿನ್ನುವ ಮೊದಲು ಕೆಟಲಿನ ಕುದಿ ನೀರು ಸುರಿದು ಐದು ನಿಮಿಷ ಮುಚ್ಚಿಡಿ. ಅಪಾಯ ಕಡಿಮೆ ಆಗುತ್ತದೆ. ರಾಜ್ಮಾ, ಅವರೆಕಾಳು ಇವನ್ನು ಮಾತ್ರ ಯಾವತ್ತೂ ಹಸಿಯಾಗಿ ತಿನ್ನಬೇಡಿ. ನೆನೆಸಿದ ರಾಜ್ಮಾದಲ್ಲೂ ವಿಷದ ಅಂಶ ಇರುತ್ತದೆ, ಚೆನ್ನಾಗಿ ಕುದಿಸಿದರೆ ಮಾತ್ರ ಹೋಗುತ್ತದೆ.

ಕೆಟಲ್ ತಗೊಳ್ಳುವ ಮೊದಲು ಓನರನ್ನು ಕೇಳಿ. ಆಮೇಲೆ ಅದರ ತಳ ತಿರುಗಿಸಿ ಎಷ್ಟು ವಾಟ್ ಅಂತ ಓದಿ. ಗೋಡೆಯ ಸಣ್ಣ ಪ್ಲಗ್ ಪಾಯಿಂಟ್ 6 ಆಂಪಿಯರಿನದ್ದು. 230 ವೋಲ್ಟಿಗೆ ಗುಣಿಸಿದರೆ 1380 ವಾಟ್ ಬರುತ್ತದೆ. 1500 ವಾಟಿನ ಕೆಟಲನ್ನು ಅದಕ್ಕೆ ಸಿಕ್ಕಿಸಿದರೆ ಪ್ಲಗ್ ಬಿಸಿ ಆಗಿ ಕಪ್ಪಾಗುತ್ತದೆ. ದೊಡ್ಡ 16 ಆಂಪಿಯರ್ ಪಾಯಿಂಟ್ ಇಲ್ಲದಿದ್ದರೆ ಕಡಿಮೆ ವಾಟಿನದ್ದು ತಗೊಳ್ಳಿ. ಹಾಲು ಕಾಯಿಸಬೇಡಿ, ತಳ ಹಿಡಿಯುತ್ತದೆ, ಉಕ್ಕುತ್ತದೆ. ಮೊಟ್ಟೆ ಬೇಯುತ್ತದೆ. ನೀರು ಕುದಿದು ಕೆಟಲ್ ತಾನೇ ಆಫ್ ಆದ ಮೇಲೆ ಇನ್ನೊಂದು ಸಲ ಕುದಿಸಿ, ಮುಚ್ಚಳ ತೆಗೆಯದೆ ಹದಿನೈದು ನಿಮಿಷ ಬಿಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ ಬೆಂದಷ್ಟು ಬೇಗ ಇಲ್ಲಿ ಬೇಯುವುದಿಲ್ಲ. ಮೊದಲ ಸಲ ಒಂದನ್ನು ಒಡೆದು ಹಳದಿ ಗಟ್ಟಿಯಾಗಿದೆಯಾ ನೋಡಿ.

ಹಿಂದಿನ ಸಾಲಿನಲ್ಲಿ ಒಬ್ಬರು, ಅವರ ಅಮ್ಮನನ್ನು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ತೋರಿಸಲು ಬಂದು ಎರಡು ತಿಂಗಳಿಂದ ರೂಮು ಮಾಡಿಕೊಂಡಿದ್ದೇವೆ ಅಂತ ಮೊದಲೇ ಹೇಳಿದರು. ನಿಮಗೆ ಬೇರೆಯಾಗಿ ಹೇಳಬೇಕು. ನಾನು ಹೇಳಿದ ಹಸಿಯದ್ದು ನಿಮಗೆ, ಅಮ್ಮನಿಗಲ್ಲ. ಕೀಮೋ ನಡೆಯುತ್ತಿರುವವರಿಗೆ ಸೋಂಕನ್ನು ತಡೆಯುವ ಶಕ್ತಿ ಕಡಿಮೆ ಇರುತ್ತದೆ. ಮೊಳಕೆ ಕಾಳು, ಹಸಿ ಸೊಪ್ಪು, ಹೊರಗೆ ಹೆಚ್ಚಿದ ಹಣ್ಣು ಬೇಡವೇ ಬೇಡ. ಬಿಸಿ ಇಡ್ಲಿ, ಆಗ ತಾನೇ ಮಾಡಿದ ಮೆತ್ತನೆ ಅನ್ನ ಸಾರು, ಗಟ್ಟಿ ಬೆಂದ ಮೊಟ್ಟೆ, ನೀವೇ ಕೈ ತೊಳೆದು ಸುಲಿದು ಕೊಟ್ಟ ಬಾಳೆಹಣ್ಣು. ಉಳಿದದ್ದನ್ನು ಅಲ್ಲಿನ ಡಯೆಟಿಷಿಯನ್‌ರನ್ನೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಗರ್ಭಿಣಿಯರೂ ಹಸಿ ಮೊಳಕೆ ಕಾಳು ತಿನ್ನಬಾರದು. ಮತ್ತೆ ನೀವು, ಅಮ್ಮನನ್ನು ನೋಡಿಕೊಳ್ಳುವವರು, ನಿಮ್ಮ ಊಟ ತಪ್ಪಿಸಬೇಡಿ. ಆಸ್ಪತ್ರೆಗೆ ಬಂದವರ ಜೊತೆ ಇರುವವರು ಬರೀ ಕಾಫಿ ಬನ್ನಿನಲ್ಲಿ ದಿನ ಕಳೆಯುವುದನ್ನು ನಾನು ತುಂಬಾ ನೋಡಿದ್ದೇನೆ. ಚೀಲದಲ್ಲಿ ಕಡಲೆಕಾಯಿ ಬೀಜ, ಎರಡು ಬಾಳೆಹಣ್ಣು, ಒಂದು ಮಜ್ಜಿಗೆ ಪ್ಯಾಕೆಟ್ ಇರಲಿ.

ಒಲೆ ಹಚ್ಚದೆ ತಿನ್ನುವುದು ಅಂದರೆ ಹೇಗೋ ಹೊಂದಿಕೊಂಡು ಹೋಗುವುದು ಅಂತ ಅಂದುಕೊಳ್ಳುತ್ತೀರಲ್ಲ, ರಾಮನವಮಿಯನ್ನು ನೆನೆಸಿಕೊಳ್ಳಿ. ಈ ಊರಿನಲ್ಲಿ ಅವತ್ತು ರಸ್ತೆ ರಸ್ತೆಗೂ ಚಪ್ಪರ ಹಾಕುತ್ತಾರೆ. ಏನು ಹಂಚುತ್ತಾರೆ? ಪಾನಕ, ನೀರು ಮಜ್ಜಿಗೆ, ಕೋಸಂಬರಿ. ಬೇಳೆ ನೆನೆದದ್ದು, ಬೆಲ್ಲ ಕರಗಿದ್ದು, ಮೊಸರು ಕಡೆದದ್ದು. ದೇವರಿಗೇ ನೈವೇದ್ಯ ಆಗುವ ಮೂರೂ ಒಲೆಯ ಮೇಲೆ ಇಟ್ಟು ಬೇಯಿಸಿದ್ದಲ್ಲ.

ಗಂಟೆ ಆರೂಕಾಲು ಆಗಿದೆ. ಡಬ್ಬಿ ತೆಗೆಯೋಣ. ನೋಡಿ, ಬೇಳೆ ಎರಡರಷ್ಟು ಆಗಿದೆ. ಇದನ್ನು ಉಗುರಲ್ಲಿ ಒತ್ತಿ, ಮುಂದೆ ಕೂತವರು ಒಬ್ಬರು ಬನ್ನಿ. ಪಟ್ ಅಂತ ಮುರಿಯಿತು ಅಲ್ವಾ? ನಡುವೆ ಗಟ್ಟಿ ಬಿಳಿ ಚುಕ್ಕೆ ಇಲ್ಲ ಅಂದರೆ ನೆಂದಿದೆ ಅಂತ. ನೀರನ್ನು ಪೂರ್ತಿ ಬಸಿಯಬೇಕು, ಹೀಗೆ, ಮುಚ್ಚಳ ಅಡ್ಡ ಹಿಡಿದು. ಈಗ ಸೌತೆಕಾಯಿ. ತುದಿ ಕತ್ತರಿಸಿ ಒಂದು ಚೂರು ರುಚಿ ನೋಡಿ, ಕಹಿ ಇದ್ದರೆ ಇಡೀ ಡಬ್ಬಿ ಕೆಡುತ್ತದೆ. ಇದು ಸಿಹಿಯಾಗಿದೆ. ಸಣ್ಣಗೆ ಹೆಚ್ಚಿ ಹಾಕಿದೆ. ಒಂದು ಕ್ಯಾರೆಟ್ ತುರಿ. ಕೊತ್ತಂಬರಿ ಸೊಪ್ಪು, ತೊಳೆದದ್ದು. ಒಂದು ಹಿಡಿ ಕಾಯಿತುರಿ. ಒಂದು ಹಸಿಮೆಣಸಿನಕಾಯಿ. ಅರ್ಧ ನಿಂಬೆಹಣ್ಣು. ಉಪ್ಪು ಕೊನೆಗೆ, ಬಟ್ಟಲಿಗೆ ಹಾಕುವ ಹೊತ್ತಿಗೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ದೊನ್ನೆಗಳು ಆ ಮೇಜಿನ ಮೇಲಿವೆ. ಕೈ ತೊಳೆಯುವ ನಲ್ಲಿ ಬಾಗಿಲ ಬಲಗಡೆ. ಹಿಂದಿನ ಸಾಲಿನವರು ಮೊದಲು ಬನ್ನಿ.